ಮಾರದಿರುವುದಕ್ಕೂ ಬೆಲೆ ಇರಲಿ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಮುಟ್ಟುವ ಮುನ್ನ ರುದ್ರಾಕ್ಷಿಪುರದಲ್ಲಿ ತಿರುಗಿಕೊಂಡರೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಈ ಊರನ್ನು 1976ರಲ್ಲಿ ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಕ್ಕಿಗಳು ಗೂಡಿನಲ್ಲಿರುವ ಕಾಲ ಮತ್ತು ಹುಣಸೆ ಕೊಯ್ಲಿನ ಕಾಲ ಇಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. ಮರ ಬಡಿದರೆ ಮರಿಗಳು ಬೀಳುತ್ತವೆ. ಬಡಿಯದಿದ್ದರೆ ಒಡೆಯನಿಗೆ ಹಣ್ಣಿನ ವರಮಾನ ತಪ್ಪುತ್ತದೆ. ಆದ್ದರಿಂದ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಪರಿಹಾರದ ಮೊತ್ತ ಸಾಲದೆಂಬ ದೂರು ಹಳೆಯದು. ಆದರೆ ಅದರ ಹಿಂದಿರುವ ತತ್ತ್ವ ಗಟ್ಟಿಯಾದುದು: ಸಮಾಜದ ಒಳಿತಿಗಾಗಿ ಒಬ್ಬನು ತನ್ನ ಸರಕನ್ನು ಮಾರದೆ ಉಳಿದರೆ, ಅವನ ನಷ್ಟವನ್ನು ಸಮಾಜ ತುಂಬಿಕೊಡಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ತತ್ತ್ವ ಅತ್ಯಂತ ಅಗತ್ಯವಾಗಿರುವ ಇನ್ನೊಂದು ಜಾಗವೆಂದರೆ ಔಷಧ ಅಂಗಡಿ ಎಂದು ಬಹುಕಾಲದಿಂದ ಅನ್ನಿಸಿದೆ. ನಮ್ಮ ಊರು, ಬಡಾವಣೆ, ಪೇಟೆಗಳ ಔಷಧ ಅಂಗಡಿಗಳ ಸೇವೆಯ ಗುಣಮಟ್ಟದ ಬಗ್ಗೆ ಚರ್ಚೆ ನಡೆದಾಗಲೆಲ್ಲ ಮಾತು ಎರಡೇ ವಿಷಯಗಳ ಸುತ್ತ ತಿರುಗುತ್ತದೆ. ಒಂದು ಔಷಧದ ಬೆಲೆ. ಇನ್ನೊಂದು ನಕಲಿ ಔಷಧ. ಎರಡೂ ಮುಖ್ಯ. ಆದರೆ ಅಸಲಿ ಔಷಧ ಕಡಿಮೆ ಬೆಲೆಗೆ ದೊರೆತ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೊಂಡವನಿಗೆ ಅದು ನಿಜವಾಗಿ ಬೇಕಿತ್ತೇ? ಅದನ್ನು ಯಾವಾಗ, ಎಷ್ಟು, ಎಷ್ಟು ದಿನ ಸೇವಿಸಬೇಕೆಂದು ಅವನಿಗೆ ತಿಳಿಯಿತೇ? ಈಗಾಗಲೇ ನುಂಗುತ್ತಿರುವ ಬೇರೆ ಗುಳಿಗೆಗಳ ಜತೆ ಅದು ಹೊಂದುತ್ತದೆಯೇ ಎಂದು ಯಾರಾದರೂ ವಿಚಾರಿಸಿದರೇ? ಔಷಧ ಅಂಗಡಿಯ ಸೇವೆ ಎಂದರೆ ಇದೇ. ಉಳಿದದ್ದು ಸರಕು ಸಾಗಣೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಔಷಧ ಅಂಗಡಿಯವರನ್ನು ಸಾರಾಸಗಟಾಗಿ ದೂರುವುದು ನನ್ನ ಉದ್ದೇಶವಲ್ಲ. ಹಳ್ಳಿಯವರ ಪಾಲಿಗೆ ಅಂಗಡಿಯವನೇ ಎಷ್ಟೋ ಸಲ ಮೊದಲ ವೈದ್ಯ. ವೈದ್ಯರ ಬಳಿ ಹೋದರೆ ಸರದಿಯಲ್ಲಿ ಕಾಯಬೇಕು, ಶುಲ್ಕ ತೆರಬೇಕು, ಅರ್ಧ ದಿನದ ಕೂಲಿ ಬಿಡಬೇಕು. ಅಂಗಡಿ ರಾತ್ರಿಯವರೆಗೆ ತೆರೆದಿರುತ್ತದೆ, ಅಲ್ಲಿ ಕೇಳುವುದಕ್ಕೆ ಶುಲ್ಕವಿಲ್ಲ, ಪರಿಚಯವಿದ್ದರೆ ಸಾಲವೂ ಸಿಗುತ್ತದೆ. ಕಾಂಪೌಂಡರ್ ಎಂಬ ಪದಕ್ಕೆ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಇದ್ದ ಗೌರವವನ್ನು ನನ್ನ ತಲೆಮಾರಿನವರು ಬಲ್ಲರು. ಬಣ್ಣದ ನೀರಿನ ಸೀಸೆಗೆ ಕಾಗದದ ಅಳತೆಪಟ್ಟಿ ಅಂಟಿಸಿ, ‘ಮೂರು ಹೊತ್ತು, ಊಟವಾದ ಮೇಲೆ’ ಎಂದು ಎರಡು ಸಲ ಹೇಳಿ ಕಳುಹಿಸುತ್ತಿದ್ದರು. ಆ ಸೀಸೆ ಹೋಗಿ ಕಾರ್ಖಾನೆಯ ಹೊಳೆಯುವ ಪಟ್ಟಿ ಬಂದಿತು. ಔಷಧ ಸುಧಾರಿಸಿತು, ಅದರ ಜತೆಗಿದ್ದ ಮಾತು ಸವೆಯಿತು.

ಕೆಲವು ತಿಂಗಳ ಹಿಂದೆ ಕೊಕ್ಕರೆ ಬೆಳ್ಳೂರಿನಲ್ಲಿ ವಯಸ್ಸಾದ ಮಹಿಳೆಯೊಬ್ಬರು, ನಾನು ಓದುಬಲ್ಲವನೆಂದು ತಿಳಿದು, ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದೆ ಸುರಿದರು. ಅದರಲ್ಲಿ ರಕ್ತದೊತ್ತಡದ ಮಾತ್ರೆಗಳಿದ್ದವು. ಮಧುಮೇಹದ ಮೆಟ್‌ಫಾರ್ಮಿನ್ ಎರಡು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಇತ್ತು. ಎರಡೂ ಒಂದೇ ಔಷಧವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಂಡಿ ನೋವಿಗೆಂದು ಯಾವುದೋ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಡೈಕ್ಲೋಫೆನಾಕ್ ಇತ್ತು. ಜತೆಗೆ ಕತ್ತರಿಯಿಂದ ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆಗಳ ಒಂದು ತುಂಡು. ಅದರ ಮೇಲೆ ಔಷಧದ ಹೆಸರೂ ಇರಲಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರಲಿಲ್ಲ. ಅವರು ಗುಳಿಗೆಗಳನ್ನು ಗುರುತಿಸುತ್ತಿದ್ದುದು ಬಣ್ಣದಿಂದ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಇದರಲ್ಲಿ ಅಪರೂಪವಾದುದು ಏನೂ ಇಲ್ಲ. ನಗರದ ಓದುಗರು ತಮ್ಮ ಮನೆಯ ಹಿರಿಯರ ಔಷಧದ ಡಬ್ಬಿಯನ್ನು ತೆರೆದರೂ ಹೆಚ್ಚು ಕಡಿಮೆ ಇದೇ ಚಿತ್ರ ಕಾಣುತ್ತದೆ. ಡೈಕ್ಲೋಫೆನಾಕ್‌ನಂಥ ನೋವು ನಿವಾರಕಗಳನ್ನು ದಿನವೂ ಸೇವಿಸಿದರೆ ರಕ್ತದೊತ್ತಡ ಏರಬಹುದು, ಮೂತ್ರಪಿಂಡಗಳಿಗೆ ಪೆಟ್ಟು ಬೀಳಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳ ಜತೆ ಸೇರಿದಾಗ ಅಪಾಯ ಇನ್ನೂ ಹೆಚ್ಚು. ಇದು ಔಷಧ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಕಟ್ಟೆಯ ಆಚೆ ನಿಂತವನು ‘ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೀರಾ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆದರೆ ಹಾಗೆ ಕೇಳಿದರೆ ಅವನಿಗೆ ಬರುವುದೇನು?

ಲೆಕ್ಕವನ್ನು ನೋಡೋಣ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಬೆಲೆ ನಿಗದಿಯಾದ ಔಷಧಗಳಿಗೆ ಚಿಲ್ಲರೆ ವ್ಯಾಪಾರಿಯ ಪಾಲು ಅವನು ಕೊಂಡ ಬೆಲೆಯ ಶೇ 16. ಅಂದರೆ ಅವನು 20 ರೂಪಾಯಿಗೆ ಕೊಂಡ ಮಾತ್ರೆಯಲ್ಲಿ 3 ರೂಪಾಯಿ 20 ಪೈಸೆ, 200 ರೂಪಾಯಿಗೆ ಕೊಂಡ ಮಾತ್ರೆಯಲ್ಲಿ 32 ರೂಪಾಯಿ. ಅಗ್ಗದ ಔಷಧವನ್ನು ಸೂಚಿಸಿದಷ್ಟೂ ಅವನಿಗೆ ನಷ್ಟ. ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೇಳಿದವನಿಗೆ ‘ಇದು ವೈರಾಣು ಜ್ವರವಿರಬಹುದು, ವೈದ್ಯರನ್ನು ನೋಡಿ’ ಎಂದು ಹೇಳಿ ಕಳುಹಿಸಿದರೆ ಅವನ ಆದಾಯ ಸೊನ್ನೆ. ಅಷ್ಟೇ ಅಲ್ಲ, ಆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅದನ್ನೇ ಕೊಳ್ಳುತ್ತಾನೆ, ಮುಂದಿನ ತಿಂಗಳು ಹಿಂತಿರುಗಿ ಬರುವುದೂ ಇಲ್ಲ. ಬುದ್ಧಿಮಾತಿಗೆ ಐದು ನಿಮಿಷ ಕೊಟ್ಟರೆ ಸರದಿಯಲ್ಲಿ ನಿಂತ ಇಬ್ಬರು ಹೊರಟುಹೋಗುತ್ತಾರೆ. ನಮ್ಮ ವ್ಯವಸ್ಥೆ ಡಬ್ಬಿಗೆ ಹಣ ಕೊಡುತ್ತದೆ, ಮಾತಿಗೆ ಕೊಡುವುದಿಲ್ಲ. ಒಳ್ಳೆಯ ಔಷಧ ವಿತರಕನು ತನ್ನ ಒಳ್ಳೆಯತನಕ್ಕಾಗಿ ತಾನೇ ದಂಡ ತೆರುತ್ತಾನೆ.

ಸಾಮಾನ್ಯ ಸರಕಿನ ವ್ಯಾಪಾರದಲ್ಲಿ ಗಿರಾಕಿ ಗುಣಮಟ್ಟವನ್ನು ಪರೀಕ್ಷಿಸಿ ಅಂಗಡಿಯನ್ನು ಆರಿಸಿಕೊಳ್ಳುತ್ತಾನೆ, ಕೆಟ್ಟ ವ್ಯಾಪಾರಿ ಕ್ರಮೇಣ ಸೋಲುತ್ತಾನೆ. ಔಷಧದಲ್ಲಿ ಹಾಗಾಗದು. ರೋಗಿಗೆ ತನಗೆ ಸಿಕ್ಕ ಸಲಹೆಯ ಗುಣಮಟ್ಟವನ್ನು ಅಳೆಯುವ ಶಕ್ತಿ ಇರುವುದಿಲ್ಲವೆಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ಗುಣಮಟ್ಟ ಕಣ್ಣಿಗೆ ಕಾಣದಿದ್ದಾಗ ಪೈಪೋಟಿ ಬೆಲೆಯ ಮೇಲೆ ಮಾತ್ರ ನಡೆಯುತ್ತದೆ. ಇಂದು ನಗರದ ಬೀದಿಗಳಲ್ಲಿ ‘ಶೇ 20 ರಿಯಾಯಿತಿ’ ಎಂಬ ಫಲಕಗಳು ಕಾಣುತ್ತವೆಯೇ ಹೊರತು ‘ಇಲ್ಲಿ ನಿಮ್ಮ ಔಷಧಗಳನ್ನು ಪರಿಶೀಲಿಸಿ ವಿವರಿಸಲಾಗುವುದು’ ಎಂಬ ಫಲಕ ಕಾಣುವುದಿಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆ ಬಡ ಮತ್ತು ಮಧ್ಯಮ ವರ್ಗದ ಹೊರೆಯನ್ನು ಗಣನೀಯವಾಗಿ ಇಳಿಸಿದೆ, ಅದನ್ನು ಸ್ವಾಗತಿಸಬೇಕು. ಆದರೆ ಅಲ್ಲಿಯೂ ಅಗ್ಗವಾದುದು ಗುಳಿಗೆ. ಅದನ್ನು ವಿವರಿಸುವ ಕೆಲಸಕ್ಕೆ ಅಲ್ಲಿಯೂ ಪ್ರತ್ಯೇಕ ಪ್ರತಿಫಲವಿಲ್ಲ.

ಕಾನೂನಿನ ಕೊರತೆಯಂತೂ ನಮಗಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ಮೂರೂ ಇವೆ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಯ ಔಷಧವನ್ನು ವಿತರಿಸಬಾರದೆಂದು 1948ರ ಕಾಯ್ದೆಯ 42ನೇ ಕಲಮು ಹೇಳುತ್ತದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಎಚ್1’ ಅನುಸೂಚಿಯ ಪ್ರಕಾರ ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯರೋಗದ ಔಷಧಗಳು ಮತ್ತು ಚಟ ಹಿಡಿಸಬಲ್ಲ ಔಷಧಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ಹೊರಡಿಸಿದ ವೃತ್ತಿ ನಿಯಮಾವಳಿಯು ರೋಗಿಗೆ ತಿಳಿವಳಿಕೆ ನೀಡುವುದನ್ನು ಫಾರ್ಮಸಿಸ್ಟ್‌ನ ಕರ್ತವ್ಯಗಳಲ್ಲಿ ಸೇರಿಸಿದೆ. ಆ್ಯಂಟಿಬಯಾಟಿಕ್ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರ 2016ರಲ್ಲಿ ನಡೆಯಿತು. ಇಷ್ಟಾದರೂ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದು ಅದರ ಒಡೆಯ ಬೇರೊಂದು ಊರಿನಲ್ಲಿರುವ ಅಂಗಡಿಗಳು ಇವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಈ ಪಿಡುಗಿನ ಬಗ್ಗೆ ಕಟುವಾಗಿ ಮಾತಾಡಬೇಕಾಯಿತು.

ಆಡಳಿತದಲ್ಲಿದ್ದವನಾಗಿ ನಾನು ಕಂಡುಕೊಂಡ ಸತ್ಯವೊಂದಿದೆ. ತಪಾಸಣೆಗೆ ಕಾಗದ ಕಾಣುತ್ತದೆ, ನಡವಳಿಕೆ ಕಾಣುವುದಿಲ್ಲ. ಪರವಾನಗಿ ಇದೆಯೇ, ಶೀತಕಪೆಟ್ಟಿಗೆ ಇದೆಯೇ, ಪುಸ್ತಕ ಬರೆದಿದೆಯೇ ಎಂದು ಅಧಿಕಾರಿ ನೋಡಬಹುದು. ಇನ್ಸುಲಿನ್ ಕೊಂಡ ಮುದುಕನಿಗೆ ಅದನ್ನು ಮನೆಯಲ್ಲಿ ತಂಪಾಗಿಡುವುದು ಹೇಗೆಂದು ಹೇಳಿದರೇ, ಮಗುವಿಗೆ ಭೇದಿಯೆಂದು ಬಂದ ತಾಯಿಗೆ ಸರಿಯಾದ ಓಆರ್‌ಎಸ್ ಪೊಟ್ಟಣ ಕೊಟ್ಟರೇ ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗದು. ಈ ಎರಡನೆಯ ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. ಸಕ್ಕರೆ ತುಂಬಿದ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಬೇಕಾಯಿತು. ಅಷ್ಟು ವರ್ಷಗಳ ಕಾಲ ಅವು ಔಷಧ ಅಂಗಡಿಗಳ ಕಟ್ಟೆಯ ಮೇಲೇ ಕುಳಿತಿದ್ದವು. ಭೇದಿಯಾದ ಮಗುವಿಗೆ ಅತಿಯಾದ ಸಕ್ಕರೆ ಇನ್ನಷ್ಟು ಕೆಡುಕು ಎಂದು ಬಲ್ಲ ಫಾರ್ಮಸಿಸ್ಟ್‌ಗಳು ಅಲ್ಲೇ ಇದ್ದರು.

ಕಟ್ಟೆಯಲ್ಲಿ ಆಗುವ ತಪ್ಪು ಕೊಂಡವನೊಬ್ಬನಿಗೇ ಸೀಮಿತವಾಗುವುದಿಲ್ಲ. ಇದಕ್ಕೆ ಹಕ್ಕಿಗಳ ಲೋಕದಿಂದಲೇ ಒಂದು ಕಹಿ ಉದಾಹರಣೆ ಇದೆ. ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳ ಸಂತತಿ ಕುಸಿದುದಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮುಖ್ಯ ಕಾರಣವೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಔಷಧ ದೇಹದಲ್ಲಿದ್ದ ದನದ ಕಳೇಬರ ತಿಂದ ಹದ್ದುಗಳ ಮೂತ್ರಪಿಂಡ ವಿಫಲವಾಗುತ್ತಿತ್ತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಔಷಧ ಅಂಗಡಿಗಳಿಂದ ಕೊಟ್ಟಿಗೆಗೆ ಹೋಗುವುದು ನಿಲ್ಲಲಿಲ್ಲ. ಕೊನೆಗೆ 2015ರಲ್ಲಿ, ಚುಚ್ಚುಮದ್ದನ್ನು 3 ಮಿಲಿಲೀಟರಿನ ಒಂದೇ ಬಾರಿಯ ಸೀಸೆಯಲ್ಲಿ ಮಾತ್ರ ಮಾರಬೇಕೆಂಬ ನಿಯಮ ತರಬೇಕಾಯಿತು. ಕೊಕ್ಕರೆ ಬೆಳ್ಳೂರಿಗೆ ಹೋಗುವ ದಾರಿಯಲ್ಲೇ ಇರುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಗುವಷ್ಟು ಅವು ವಿರಳವಾಗಿದ್ದವು. ‘ಯಾರಿಗೆ? ಏತಕ್ಕೆ?’ ಎಂದು ಕಟ್ಟೆಯಲ್ಲಿ ಕೇಳದ ಪ್ರಶ್ನೆಯ ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆ್ಯಂಟಿಬಯಾಟಿಕ್‌ಗಳ ಕಥೆಯೂ ಇದೇ ಜಾಡಿನದು. ಒಬ್ಬನ ಅನಗತ್ಯ ಗುಳಿಗೆ ಮದ್ದಿಗೆ ಬಗ್ಗದ ಸೂಕ್ಷ್ಮಾಣುವನ್ನು ಬೆಳೆಸುತ್ತದೆ, ಅದು ತಗಲುವುದು ಇನ್ನೊಬ್ಬನಿಗೆ.

ಹಾಗಾದರೆ ಮಾಡಬೇಕಾದುದೇನು? ಕಟ್ಟುನಿಟ್ಟು ಬೇಕು, ಅನುಮಾನವಿಲ್ಲ. ನೆರೆಯ ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಔಷಧ ಅಂಗಡಿಗಳ ಅನಿರೀಕ್ಷಿತ ತಪಾಸಣೆ ಆರಂಭಿಸಿ, ಚೀಟಿಯಿಲ್ಲದ ಆ್ಯಂಟಿಬಯಾಟಿಕ್ ಮಾರಾಟವನ್ನು ಹಿಡಿಯತೊಡಗಿತು. ಅವುಗಳನ್ನು ನೀಲಿ ಲಕೋಟೆಯಲ್ಲಿಟ್ಟು ಎಚ್ಚರಿಕೆಯ ಮಾತಿನೊಡನೆ ಕೊಡುವ ಪದ್ಧತಿಯನ್ನೂ ತಂದಿತು. ಮಾರಾಟ ಇಳಿದಿದೆ ಎಂದು ಅಲ್ಲಿನ ಸರ್ಕಾರ ಹೇಳಿದೆ. ಕರ್ನಾಟಕ ಇದನ್ನು ಅನುಸರಿಸಬಹುದು. ಆದರೆ ದಂಡದ ಭಯ ಕೆಟ್ಟದ್ದನ್ನು ತಡೆಯಬಲ್ಲದೇ ಹೊರತು ಒಳ್ಳೆಯದನ್ನು ಮಾಡಿಸಲಾರದು. ಒಳ್ಳೆಯದಕ್ಕೆ ಪ್ರತಿಫಲವೂ ಇರಬೇಕು.

ಇದೇನೂ ಕಲ್ಪನೆಯ ಮಾತಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1978ರಿಂದಲೇ, ಫಾರ್ಮಸಿಸ್ಟ್ ಸಕಾರಣವಾಗಿ ಔಷಧ ವಿತರಣೆಯನ್ನು ನಿರಾಕರಿಸಿದಾಗ, ಅಥವಾ ವೈದ್ಯರಿಗೆ ಔಷಧ ಬದಲಾವಣೆಯ ಸಲಹೆ ಬರೆದಾಗ, ಅವನಿಗೆ ಶುಲ್ಕ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಇಂಗ್ಲೆಂಡ್ 2024ರ ಜನವರಿಯಲ್ಲಿ ಆರಂಭಿಸಿದ ‘ಫಾರ್ಮಸಿ ಫಸ್ಟ್’ ಯೋಜನೆಯಲ್ಲಿ ಏಳು ಸಾಮಾನ್ಯ ಕಾಯಿಲೆಗಳಿಗೆ ಔಷಧ ಅಂಗಡಿಯೇ ಸಮಾಲೋಚನೆ ನೀಡುತ್ತದೆ. ಕೊನೆಗೆ ಔಷಧ ಕೊಟ್ಟರೂ ಕೊಡದಿದ್ದರೂ ಸಮಾಲೋಚನೆಯ ಶುಲ್ಕ ಸಲ್ಲುತ್ತದೆ. ಶ್ರೀಮಂತ ರಾಷ್ಟ್ರಗಳ ಮಾತು ನಮಗೇಕೆ ಎನ್ನುವವರು ತಾಂಜಾನಿಯಾವನ್ನು ನೋಡಬಹುದು. ಫಾರ್ಮಸಿಸ್ಟ್‌ಗಳೇ ಸಿಗದ ಗ್ರಾಮೀಣ ಪ್ರದೇಶಗಳಲ್ಲಿ, 2003ರಲ್ಲಿ ರುವುಮಾ ಪ್ರಾಂತ್ಯದಿಂದ ಮೊದಲುಗೊಂಡು, ಸಣ್ಣ ಔಷಧ ಅಂಗಡಿಯವರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಮಾನ್ಯತೆಯ ಫಲಕ ನೀಡಿ, ನಿರ್ದಿಷ್ಟ ಔಷಧಗಳನ್ನು ಮಾತ್ರ ಮಾರಲು ಅನುಮತಿಸುವ ವ್ಯವಸ್ಥೆಯನ್ನು ಅಲ್ಲಿನ ಸರ್ಕಾರ ರೂಪಿಸಿತು. ಮಾನ್ಯತೆ ಪಡೆದವನಿಗೆ ಅದೇ ವ್ಯಾಪಾರದ ಬಂಡವಾಳವಾಯಿತು.

ನಮ್ಮ ಹಳ್ಳಿಗಳ ಅರ್ಥಶಾಸ್ತ್ರವನ್ನು ಇಲ್ಲಿ ನೆನೆಯಬೇಕು. ಸಣ್ಣ ಊರಿನ ಅಂಗಡಿಯೊಂದು ದಿನಕ್ಕೆ 3,000 ರೂಪಾಯಿಯ ವ್ಯಾಪಾರ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಬೆಲೆ ನಿಗದಿಯಾದ ಔಷಧಗಳೇ ಆದರೆ, ತೆರಿಗೆಯ ಲೆಕ್ಕ ಬದಿಗಿಟ್ಟು, ಅದರಲ್ಲಿ ಉಳಿಯುವುದು 400 ರೂಪಾಯಿಯ ಆಸುಪಾಸು. ಬಾಡಿಗೆ, ವಿದ್ಯುತ್, ಅವಧಿ ಮುಗಿದ ಸರಕು ಎಲ್ಲ ಕಳೆದ ಮೇಲೆ ಅರ್ಹ ಫಾರ್ಮಸಿಸ್ಟ್‌ಗೆ ಕೊಡಲು ಏನು ಉಳಿದೀತು? ಪ್ರಮಾಣಪತ್ರ ಬಾಡಿಗೆಗೆ ಪಡೆಯುವ ಅಕ್ರಮದ ಬೇರು ಇಲ್ಲಿದೆ. ಇದನ್ನು ಸಮರ್ಥಿಸಬೇಕಾಗಿಲ್ಲ, ಅರ್ಥ ಮಾಡಿಕೊಳ್ಳದೆ ಕಿತ್ತೊಗೆಯಲೂ ಆಗದು.

ಹಾಗೆಂದು ಅರ್ಹರ ಕೊರತೆ ಮಂಡ್ಯ ಜಿಲ್ಲೆಗಿಲ್ಲ. ಕೊಕ್ಕರೆ ಬೆಳ್ಳೂರು ಇರುವ ಮದ್ದೂರು ತಾಲ್ಲೂಕಿನಲ್ಲೇ, ಕೆ.ಎಂ. ದೊಡ್ಡಿಯ ಭಾರತೀನಗರದಲ್ಲಿ, ಭಾರತಿ ಫಾರ್ಮಸಿ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಸಂಸ್ಥೆಯ ಫಾರ್ಮಸಿ ಕಾಲೇಜಿದೆ. ರೋಗಿಯ ಹಾಸಿಗೆಯ ಬಳಿ ನಿಂತು ಔಷಧದ ಸರಿತಪ್ಪು ನೋಡುವ ವಿದ್ಯೆಯನ್ನು ಕಲಿಸುವುದರಲ್ಲಿ ಮೈಸೂರಿನ ಜೆಎಸ್‌ಎಸ್ ಕಾಲೇಜು ದೇಶಕ್ಕೇ ಮುಂಚೂಣಿಯಲ್ಲಿತ್ತು. 2008ರಲ್ಲಿ ಆರಂಭವಾದ ಆರು ವರ್ಷಗಳ ಫಾರ್ಮ್.ಡಿ. ಪದವಿಯಂತೂ ಇದಕ್ಕಾಗಿಯೇ ರೂಪುಗೊಂಡದ್ದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಂತೆ ಈ ವಿದ್ಯೆ ತನ್ನ ಅಕ್ಕಪಕ್ಕದ ಹಳ್ಳಿಗಳಿಗೇ ದಕ್ಕಿಲ್ಲ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಸಾಕಿ ಬಿಡಲು ಕೊಕ್ಕರೆ ಬೆಳ್ಳೂರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು, ಮೈಸೂರಿನ ಪಕ್ಷಿಪ್ರಿಯರು ಅವರಿಗೆ ಜತೆ ನೀಡಿದರು. ತಿಳಿದವರೂ ಊರವರೂ ಕೈಜೋಡಿಸಿದರೆ ಏನಾಗಬಹುದೆಂಬುದಕ್ಕೆ ಬೇರೆ ನಿದರ್ಶನ ಹುಡುಕಬೇಕಾಗಿಲ್ಲ.

ನನ್ನ ಸಲಹೆಗಳು ಸರಳವಾದವು. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲುಗೊಳಿಸಿದ ‘ಗೃಹ ಆರೋಗ್ಯ’ ಯೋಜನೆಯಡಿ ಮನೆ ಬಾಗಿಲಿನಲ್ಲೇ ರಕ್ತದೊತ್ತಡ, ಮಧುಮೇಹ ಮುಂತಾದವುಗಳ ತಪಾಸಣೆ ನಡೆಯುತ್ತದೆ. ಹೀಗೆ ಗುರುತಿಸಲಾದ ರೋಗಿಯು ವರ್ಷಕ್ಕೆ ಎರಡು ಬಾರಿ ತನ್ನ ಎಲ್ಲ ಗುಳಿಗೆಗಳ ಚೀಲವನ್ನು ಹತ್ತಿರದ ನೋಂದಾಯಿತ ಫಾರ್ಮಸಿಸ್ಟ್‌ನ ಮುಂದಿಟ್ಟು ಪರಿಶೀಲಿಸಿಕೊಳ್ಳುವಂತಾಗಲಿ. ಪ್ರತಿ ಪರಿಶೀಲನೆಗೂ ಸರ್ಕಾರ ಫಾರ್ಮಸಿಸ್ಟ್‌ಗೆ ನಿಗದಿತ ಶುಲ್ಕ ಕೊಡಲಿ. ಮೊದಲು ಒಂದು ತಾಲ್ಲೂಕಿನಲ್ಲಿ ನಡೆಸಿ ನೋಡಬಹುದು, ಅದು ಮದ್ದೂರೇ ಆಗಬಹುದು. ಅಂಗಡಿಯನ್ನು ನಡೆಸಲಾಗದಷ್ಟು ಸಣ್ಣ ಊರುಗಳಿಗೆ ಫಾರ್ಮಸಿ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಬೋಧಕರೊಡನೆ ತಿಂಗಳಿಗೊಮ್ಮೆ ಹೋಗಲಿ. ಮಾರಿದ ಪ್ರತಿ ಔಷಧಕ್ಕೂ ಹೆಸರು, ಪ್ರಮಾಣ, ಹೊತ್ತು, ದಿನಗಳನ್ನು ಕನ್ನಡದಲ್ಲಿ ಬರೆದ ಚೀಟಿ ಅಂಟಿಸುವುದು ಕಡ್ಡಾಯವಾಗಲಿ. ಓದಲಾರದವರಿಗೆ ಸೂರ್ಯ, ಚಂದ್ರರ ಚಿತ್ರ ಸಾಕು. 2023ರ ಆಗಸ್ಟ್‌ನಿಂದ 300 ಪ್ರಮುಖ ಔಷಧಗಳ ಮೇಲೆ ಕ್ಯೂಆರ್ ಸಂಕೇತ ಬಂದಿದೆ. ಬೆಳ್ಳೂರಿನ ಆ ವೃದ್ಧೆಗೆ ಅದಕ್ಕಿಂತ ಒಂದು ಸೂರ್ಯನ ಚಿತ್ರ ಹೆಚ್ಚು ಉಪಯುಕ್ತ.

ಶುಲ್ಕವೆಂದ ಕೂಡಲೇ ಸುಳ್ಳು ಬಿಲ್ಲುಗಳ ಆತಂಕ ಏಳುತ್ತದೆ. ಆತಂಕ ನ್ಯಾಯವಾದುದೇ. ಆದರೆ ಪರಿಶೀಲನೆಯ ಪ್ರತಿಯನ್ನು ರೋಗಿಯ ಬಳಿಯೂ ಆರೋಗ್ಯ ಕೇಂದ್ರದಲ್ಲೂ ಇಡುವಂತೆ ಮಾಡಿ, ಆಯ್ದ ಕೆಲವು ಮನೆಗಳಿಗೆ ಆಶಾ ಕಾರ್ಯಕರ್ತೆಯರು ಹೋಗಿ ವಿಚಾರಿಸಿದರೆ ಮೋಸವನ್ನು ಬಹುಮಟ್ಟಿಗೆ ತಡೆಯಬಹುದು. ಖರ್ಚಿನ ಪ್ರಶ್ನೆಯೂ ಬರುತ್ತದೆ. ಮೂತ್ರಪಿಂಡ ಕೆಟ್ಟ ಒಬ್ಬ ರೋಗಿಯ ಡಯಾಲಿಸಿಸ್‌ಗೆ ಕುಟುಂಬವೂ ಸರ್ಕಾರವೂ ವರ್ಷವಿಡೀ ತೆರುವ ಹಣದೊಂದಿಗೆ, ಅದನ್ನು ತಪ್ಪಿಸಬಹುದಾಗಿದ್ದ ಐದು ನಿಮಿಷದ ಮಾತಿನ ಶುಲ್ಕವನ್ನು ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ.

ಸರ್ಕಾರ ಮಾಡುವುದನ್ನು ಮಾಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಮುಂದಿನ ಸಲ ಔಷಧ ಕೊಳ್ಳುವಾಗ ರಿಯಾಯಿತಿ ಎಷ್ಟೆಂದು ಕೇಳುವ ಮುನ್ನ ಮೂರು ಪ್ರಶ್ನೆ ಕೇಳೋಣ: ಫಾರ್ಮಸಿಸ್ಟ್ ಯಾರು, ಈ ಔಷಧ ಏಕೆ, ನಾನು ಈಗಾಗಲೇ ಸೇವಿಸುತ್ತಿರುವುದರ ಜತೆ ಇದು ಸರಿಯೇ? ತಾಳ್ಮೆಯಿಂದ ಉತ್ತರಿಸುವ ಅಂಗಡಿ ಎರಡು ಬೀದಿ ದೂರವಿದ್ದರೂ, ಅಲ್ಲಿ ಹತ್ತು ರೂಪಾಯಿ ಹೆಚ್ಚಾದರೂ, ಅಲ್ಲಿಗೇ ಹೋಗೋಣ. ‘ಇದು ನಿಮಗೆ ಬೇಡ’ ಎಂದು ಹೇಳಿ ಕಳುಹಿಸಿದವನ ಬಳಿಗೆ ಮತ್ತೆ ಹೋಗೋಣ.